ಜರಗನಹಳ್ಳಿಯಲ್ಲಿ ಕಾರು ಕುಗ್ಗಿದ್ದು

ನಮ್ಮ ಓನರ್ ನಂದಕುಮಾರ್ ಒಳ್ಳೆಯ ಮನುಷ್ಯ. ಬಾಡಿಗೆ ಏರಿಸುವಾಗಲೂ ತಲೆ ಕೆರೆದುಕೊಂಡು, "ಬೇಜಾರ್ ಮಾಡ್ಕೋಬೇಡಿ ಅಂಕಲ್" ಎಂದು ಹೇಳಿಯೇ ಏರಿಸುತ್ತಾನೆ. ಅವನಿಗಿರುವುದು ಒಂದೇ ರೋಗ, ಕಾರು. ಅದನ್ನು ಓಡಿಸುವ ರೋಗವಲ್ಲ, ಇದ್ದ ಹಾಗೆ ಇರಲು ಬಿಡದ ರೋಗ.

ನಾನು ಅನಂತಪದ್ಮನಾಭ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ಜಯನಗರದ ನಮ್ಮ ಹಳೇ ಮನೆಯನ್ನು ಬಿಲ್ಡರ್ ಕೈಗೆ ಕೊಟ್ಟು, ಹೊಸದು ಏಳುವ ತನಕ ಎಂದು ಜರಗನಹಳ್ಳಿಗೆ ಬಂದು, ನಾನೂ ನನ್ನ ಹೆಂಡತಿ ವಿಮಲಾಳೂ ನಂದಕುಮಾರನ ಮಹಡಿಯ ಮೇಲೆ ಬಾಡಿಗೆಗಿದ್ದೇವೆ. ಅಲ್ಲಿ ಇನ್ನೂ ಪಾಯವೇ ಎದ್ದಿಲ್ಲ, ಆ ಕತೆ ಈಗ ಬೇಡ. ನಮ್ಮ ಬಾಲ್ಕನಿಯಿಂದ ಬಗ್ಗಿದರೆ ನೇರವಾಗಿ ಆ ಕಾರೇ ಕಾಣುತ್ತದೆ. ಆದ್ದರಿಂದ ಈ ಪ್ರಕರಣಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ. ಆಮೇಲೆ ಸರ್ಕಾರಿ ಸಾಕ್ಷಿಯೂ ಆಗಬೇಕಾಯಿತು.

ಕಾರಿಗೆ ಮೊದಲು ನೀಲಿ ದೀಪ ಬಂತು. ಆಮೇಲೆ ರೈಲಿನಂತೆ ಕೂಗುವ ಹಾರ್ನ್ ಬಂತು. ಆ ಹಾರ್ನಿಗೆ ಬೆಚ್ಚಿ ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಕನಕಪುರ ರೋಡಿನ ಬಸ್‌ಸ್ಟಾಪಿನವರೆಗೆ ಹೋಗಿ, ಅಲ್ಲಿ ಸಾಲಿನಲ್ಲಿ ನಿಂತಿತ್ತು. ಅವತ್ತು ನಂದಕುಮಾರನ ಹೆಂಡತಿ ರಮ್ಯ ಅವನನ್ನು ನಡುಮನೆಗೆ ಕರೆದು, ಅತ್ತೆ ಮುನಿವೆಂಕಟಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, "ಇನ್ಮೇಲೆ ಕಾರಿಗೆ ಏನೂ ಹಾಕ್ಸಲ್ಲ ಅಂತ ಅತ್ತೆ ತಲೆ ಮುಟ್ಟಿ ಆಣೆ ಮಾಡಿ" ಎಂದಳು.

"ನನ್ ತಲೆ ಯಾಕವ್ವಾ, ನಿಂದೇ ಕೊಡು" ಎಂದರು ಮುನಿವೆಂಕಟಮ್ಮ.

ಸೊಸೆ ಕೊಡಲಿಲ್ಲ. ನಂದಕುಮಾರ್ ತಾಯಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ನಂದಕುಮಾರನ ಅಪ್ಪ ಚಿಕ್ಕಬೈರಪ್ಪನವರು ಬದುಕಿದ್ದಾಗ ಒಂದು ಸಲ ಪಕ್ಷೇತರರಾಗಿ ಚುನಾವಣೆಗೆ ನಿಂತು, ಸಾರಕ್ಕಿ ಕೆರೆ ಪಕ್ಕದ ಸೈಟನ್ನು ಮಾರಿ ಊರಿಗೆಲ್ಲ ಬಿರಿಯಾನಿ ಬಡಿಸಿದ್ದರು. ಊರು ಉಂಡು, ಕೈ ತೊಳೆದುಕೊಂಡು, ಬೇರೆಯವರಿಗೆ ಓಟು ಹಾಕಿತ್ತು. ಸೊಸೆಯಾಗಿ ಬಂದ ದಿನದಿಂದ ರಮ್ಯ ಹೇಳುತ್ತಿರುವುದು ಒಂದೇ ಮಾತು: "ಈ ಮನೇಲಿ ಇನ್ಯಾರಾದ್ರೂ ಎಲೆಕ್ಷನ್ ಅಂದ್ರೆ ಅವತ್ತೇ ನಾನು ಅರೆಕೆರೆಗೆ ಹೊರಟೆ." ಅರೆಕೆರೆ ಅವಳ ತವರು. ಅವಳು ಹೇಳಿದ್ದನ್ನು ಮಾಡುವವಳು ಎಂಬುದು ಇಡೀ ಬೀದಿಗೆ ಗೊತ್ತು.

ಇಷ್ಟೆಲ್ಲ ಇರುವಾಗ ಬಿ.ಟಿ.ಎಂ. ಲೇಔಟಿನ ರೇವಂತನ ಗ್ಯಾರೇಜಿಗೆ ಆಯಿಲ್ ಬದಲಾಯಿಸಲು ಹೋದದ್ದೇ ತಪ್ಪಾಯಿತು. ರೇವಂತ ಕತ್ತಿನ ಮೇಲೆ ಪಿಸ್ಟನ್ ಹಚ್ಚೆ ಹಾಕಿಸಿಕೊಂಡ ಮನುಷ್ಯ. ಕಾರಿನ ಸುತ್ತ ಒಂದು ಸುತ್ತು ಬಂದು, ಡಾಕ್ಟರು ರಿಪೋರ್ಟ್ ನೋಡಿದ ಮೇಲೆ ಮಾಡುವ ಮುಖ ಮಾಡಿದ.

"ಅಣ್ಣ, ನಿಮ್ ಗಾಡಿ ತಿರುವಲ್ಲಿ ದೋಣಿ ಥರ ವಾಲುತ್ತೆ. ಕಾಯಿಲ್‌ಓವರ್ ಹಾಕ್ಸಿ. ಶಾಕ್ ಅಬ್ಸಾರ್ಬರ್ ಸುತ್ತ ಗಟ್ಟಿ ಸ್ಪ್ರಿಂಗ್ ಕೂರುತ್ತೆ, ಅದರ ಕೆಳಗೊಂದು ರಿಂಗ್. ರಿಂಗ್ ತಿರುಗಿಸಿದ್ರೆ ಗಾಡಿ ಇಳಿಯುತ್ತೆ, ವಾಪಸ್ ತಿರುಗಿಸಿದ್ರೆ ಏಳುತ್ತೆ. ಇಳಿಸಿ ಓಡ್ಸಿ ನೋಡಿ, ರೋಡಿಗೆ ಅಂಟ್ಕೊಂಡ್ ಹೋಗುತ್ತೆ. ಸಖತ್ತಾಗಿರುತ್ತೆ."

"ಒಳಗೆ ಕೂತವರಿಗೆ?" ಎಂದನಂತೆ ನಂದಕುಮಾರ್.

"ಕೂತವರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

ಹೊಸದಾಗಿ ಏನನ್ನಾದರೂ ಹಾಕಿಸಿದರೆ ತಾನೇ ಆಣೆ ಮುರಿಯುವುದು, ಇದ್ದ ಸ್ಪ್ರಿಂಗ್ ತೆಗೆದು ಇನ್ನೊಂದು ಕೂರಿಸಿದರೆ ಅದು ರಿಪೇರಿ ಎಂದು ನಂದಕುಮಾರ್ ತಾನೇ ವಕೀಲನಾಗಿ ವಾದಿಸಿ, ತಾನೇ ಜಡ್ಜಾಗಿ ತೀರ್ಪು ಕೊಟ್ಟುಕೊಂಡ. ಮನೆಯಲ್ಲಿ ಸರ್ವಿಸ್‌ಗೆ ಬಿಟ್ಟಿದ್ದೆ ಎಂದ.

ಮಾರನೆಯ ದಿನ ಬನಶಂಕರಿ ದೇವಸ್ಥಾನಕ್ಕೆ ಎಲ್ಲರನ್ನೂ ಹತ್ತಿಸಿಕೊಂಡ. ನಾನೂ ವಿಮಲಾಳೂ ಹೋದೆವು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸಾರಕ್ಕಿ ಸಿಗ್ನಲಿನಲ್ಲಿ ಕಾರು ತಿರುಗಿದ ರೀತಿಗೆ ವಿಮಲಾಳ ತೊಡೆಯ ಮೇಲಿದ್ದ ಹೂವಿನ ಬುಟ್ಟಿ ಕದಲಲೇ ಇಲ್ಲ. ಹಿಂದೆಲ್ಲ ಆ ತಿರುವಿನಲ್ಲಿ ನಾನು ಹೋಗಿ ಮುನಿವೆಂಕಟಮ್ಮನವರ ಮೇಲೆ ಬಿದ್ದು, ಕ್ಷಮಿಸಿ ಎನ್ನುವುದು ವಾಡಿಕೆಯಾಗಿತ್ತು. ಆದರೆ ರಸ್ತೆ ನೇರವಾದ ಮೇಲೆ ಗ್ರಹಚಾರ ಶುರುವಾಯಿತು. ಡಾಂಬರಿನ ಕೆಳಗೆ ಎಲ್ಲೆಲ್ಲಿ ಜಲ್ಲಿ ಉಳಿದಿದೆ ಎಂಬುದು ಒಂದೊಂದಾಗಿ ನನ್ನ ಬೆನ್ನುಮೂಳೆಗೆ ತಿಳಿಯುತ್ತಾ ಹೋಯಿತು. ಮುನಿವೆಂಕಟಮ್ಮನವರ ಬಾಯಿಯಲ್ಲಿದ್ದ ಅಡಿಕೆ ಚೂರು ನೆತ್ತಿಗೇರಿತು.

"ಯಾಕ್ಲಾ ನಂದ, ಕಾರು ಎತ್ತಿನ ಗಾಡಿ ಆಗೋಗೈತೆ?" ಎಂದರು ಕೆಮ್ಮುತ್ತಾ.

"ರೋಡು ಸರಿಯಿಲ್ಲಮ್ಮ."

ಬೆಂಗಳೂರಿನಲ್ಲಿ ಈ ಉತ್ತರವನ್ನು ಯಾರೂ ಅನುಮಾನಿಸುವುದಿಲ್ಲ. ರಮ್ಯಳೂ ಹೌದು ಎಂದು ತಲೆಯಾಡಿಸಿದಳು. ಆದರೆ ವಾಪಸ್ ಬರುತ್ತಾ ತಾಯಿ "ತಲೆ ಯಾಕೋ ಭಾರ" ಎಂದಾಗ ನಂದಕುಮಾರ್ ರಸ್ತೆ ಬಿಟ್ಟು ಕನ್ನಡಿಯಲ್ಲಿ ತಾಯಿಯ ತಲೆಯನ್ನೇ ನೋಡುತ್ತಾ ಓಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಅದು ವಾರ್ಡ್ ಚುನಾವಣೆಯ ಕಾಲ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲು. ಹಾಗೆಂದರೆ ಗಂಡಸರು ತಂತಮ್ಮ ಹೆಂಡತಿಯರನ್ನು ನಿಲ್ಲಿಸುತ್ತಾರೆ ಎಂದು ಅರ್ಥ. ಮಾಜಿ ಕಾರ್ಪೊರೇಟರ್ ತಿಮ್ಮರಾಯಪ್ಪನವರು ಆಗಲೇ ಹೆಂಡತಿ ವಿಜಯಲಕ್ಷ್ಮಿಯ ಹೆಸರಿನಲ್ಲಿ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ತಿಮ್ಮರಾಯಪ್ಪ ಆಳೆತ್ತರ ನಿಂತು ಕೈಮುಗಿದಿದ್ದರು. ವಿಜಯಲಕ್ಷ್ಮಿ ಅವರ ಮೊಣಕೈ ಪಕ್ಕ, ಅಂಚೆಚೀಟಿಯಷ್ಟಿದ್ದರು.

ನಮ್ಮ ಬೀದಿ ಮೂಲೆಯ ಹಾಲಿನ ಬೂತಿನ ಕಮಲಾದೇವಿ ಒಂದು ಬೆಳಿಗ್ಗೆ ನಂದಕುಮಾರನ ಕಾರಿನ ಮುಂದೆ ನಿಂತುಬಿಟ್ಟಳು. ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಕೈ ತೂರಿಸಿ ನೋಡಿದಳು. ಮೊದಲು ಇಡೀ ಅಂಗೈ ನುಗ್ಗುತ್ತಿದ್ದ ಕಡೆ ಈಗ ಎರಡು ಬೆರಳು ನುಗ್ಗಿದವು. ಚುನಾವಣೆ ಹೊತ್ತಿನಲ್ಲಿ ಮನೆ ಮುಂದೆ ಕಾರು ಕುಗ್ಗಿ ನಿಂತರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಡಿಕ್ಕಿಯಲ್ಲಿ ಹಂಚುವ ಮಾಲಿದೆ.

"ಸಾರ್, ನೀವು ತೂಕದ ಇಲಾಖೆಯವರು. ಇಷ್ಟು ಕುಗ್ಬೇಕು ಅಂದ್ರೆ ಎಷ್ಟು ಭಾರ ಇರ್ಬೇಕು?" ಎಂದು ಬಾಲ್ಕನಿಯತ್ತ ಕತ್ತೆತ್ತಿ ಕೇಳಿದಳು.

"ಮೂರು ಕ್ವಿಂಟಾಲಿಗೆ ಕಮ್ಮಿಯಿಲ್ಲ" ಎಂದೆ.

ನಾನು ಕೊಟ್ಟದ್ದು ಶುದ್ಧ ಶಾಸ್ತ್ರೀಯ ಅಭಿಪ್ರಾಯ. ಅದನ್ನು ಬೇರೆಯವರು ಹೇಗೆ ಬಳಸಿಕೊಂಡರು ಎಂಬುದಕ್ಕೆ ನಾನಾಗಲಿ ನನ್ನ ಇಲಾಖೆಯಾಗಲಿ ಜವಾಬ್ದಾರರಲ್ಲ. ಕಮಲಾದೇವಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹಾಗಾದ್ರೆ ಕುಕ್ಕರೇ. ಬೆಳ್ಳಿ ದೀಪ ಅಷ್ಟು ತೂಗಲ್ಲ" ಎಂದು ತೀರ್ಮಾನಿಸಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ರಮ್ಯಳಿಗೆ ಮರ್ಯಾದೆ ಹೆಚ್ಚಾಯಿತು. ಬೂತಿನಲ್ಲಿ ಸಾಲು ಬಿಟ್ಟುಕೊಟ್ಟರು. ಇಸ್ತ್ರಿ ಅಂಗಡಿಯವನು ಸೀರೆಗೆ ಗಂಜಿ ಹಾಕಿ ತಾನೇ ತಂದುಕೊಟ್ಟ. ಇಷ್ಟು ದಿನ ಕಸದ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಕೊಸಂಬರಿ ಕಳಿಸಿದಳು. ಯಾಕೆಂದು ರಮ್ಯಳಿಗೆ ಹೊಳೆಯಲಿಲ್ಲ, ತನ್ನ ಒಳ್ಳೆಯ ಗುಣ ಕಡೆಗೂ ಜನಕ್ಕೆ ತಿಳಿಯಿತು ಎಂದುಕೊಂಡಳಂತೆ. ಕಮಲಾದೇವಿ ಅವಳ ಕೈ ಹಿಡಿದು, "ಮೇಡಂ, ನಮ್ಮನೇಲಿ ಜನ ಜಾಸ್ತಿ. ನಮ್ಗೆ ಮಾತ್ರ ಐದು ಲೀಟರ್‌ದು ಎತ್ತಿಡಿ" ಎಂದಾಗ ಎಲ್ಲ ಬಯಲಾಯಿತು.

ಆ ಸಂಜೆ ಕೆಳಗಿನಿಂದ ಬಂದ ಮಾತುಗಳನ್ನು ನಾವು ಕಿವಿಗೊಟ್ಟು ಕೇಳಲಿಲ್ಲ. ಬಾಲ್ಕನಿಯಲ್ಲಿ ಸುಮ್ಮನೆ ನಿಂತಿದ್ದೆವು, ಕೇಳಿಸಿತು.

"ನನ್ನನ್ನ ಕೇಳ್ದೆ ನನ್ನನ್ನೇ ನಿಲ್ಲಿಸ್ತಿದ್ದೀರಾ?"

"ಇಲ್ಲ ಕಣೆ, ಯಾರು ಹೇಳಿದ್ದು?"

"ಡಿಕ್ಕೀಲಿ ಏನಿದೆ ಮತ್ತೆ?"

"ಏನೂ ಇಲ್ಲ."

"ಏನೂ ಇಲ್ದೆ ಗಾಡಿ ಯಾಕೆ ಕುಗ್ಗಿದೆ?"

ಇದಕ್ಕೆ ನಂದಕುಮಾರನ ಬಳಿ ಉತ್ತರವಿತ್ತು. ಆದರೆ ಪಕ್ಕದಲ್ಲೇ ತಾಯಿ ಅವರೆಕಾಳು ಸುಲಿಯುತ್ತಾ ಕೂತಿದ್ದರು. ಸ್ಪ್ರಿಂಗ್ ಎಂದರೆ ಆಣೆ ಮುರಿದದ್ದು ತಿಳಿದು ತಾಯಿ ಹೋಗುತ್ತಾರೆ, ಸ್ಪ್ರಿಂಗ್ ಎನ್ನದಿದ್ದರೆ ಹೆಂಡತಿ ಹೋಗುತ್ತಾಳೆ. ಅವನು ಬಾಯಿ ತೆರೆದು, ಒಂದು ಅವರೆಕಾಳು ಹಾಕಿಕೊಂಡು, ಮುಚ್ಚಿದ.

"ಭಾನುವಾರದ ತನಕ ಟೈಮ್ ಕೊಡ್ತೀನಿ. ಹೇಳಿದ್ರೆ ಸರಿ. ಇಲ್ದಿದ್ರೆ ಅರೆಕೆರೆ" ಎಂದಳು ರಮ್ಯ.

ಕಾರನ್ನು ಎತ್ತಿಬಿಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಮಾರನೆಯ ಬೆಳಿಗ್ಗೆ ಕಾರು ತೊಳೆಯುವ ನೆಪದಲ್ಲಿ ಜಾಕ್ ಕೊಟ್ಟು, ರೇವಂತ ಕೊಟ್ಟಿದ್ದ ಸ್ಪ್ಯಾನರಿನಿಂದ ಹಿಂದಿನ ಎರಡು ರಿಂಗುಗಳನ್ನು ತಿರುಗಿಸಿದ. ಮುಂದಿನದಕ್ಕೆ ಬರುವಷ್ಟರಲ್ಲಿ ತಾಯಿ ಬಾಗಿಲಿಗೆ ಬಂದರು. ಅಲ್ಲಿಗೇ ಬಿಟ್ಟ. ಕಾರು ಹಿಂದೆ ಎತ್ತರವಾಗಿ, ಮುಂದೆ ತಗ್ಗಾಗಿ, ಬೀದಿಗೆಲ್ಲ ನಮಸ್ಕಾರ ಮಾಡುತ್ತಾ ನಿಂತಿತು.

ನಂದಕುಮಾರನಿಗೆ ಒಂದು ತೊಂದರೆ ನೀಗಿತು ಎನಿಸಿತು. ಕಮಲಾದೇವಿ ಬಂದು ಹಿಂದಿನ ಸಂದಿಗೆ ಕೈ ತೂರಿಸಿದಳು. ಮೊಣಕೈ ತನಕ ಹೋಯಿತು.

"ಡಿಕ್ಕಿ ಖಾಲಿ. ಹಂಚಿಬಿಟ್ಟವ್ರೆ. ನಮ್ಗೆ ಹೇಳೇ ಇಲ್ಲ."

ಯಾರಿಗೆ ಹಂಚಿದರು? ನಮ್ಮ ಬೀದಿಯಲ್ಲಿ ಯಾರಿಗೂ ಬಂದಿಲ್ಲ. ಹಾಗಾದರೆ ಹಿಂದಿನ ಬೀದಿಗೇ ಹೋಗಿರಬೇಕು. ಹಿಂದಿನ ಬೀದಿಯ ಹೆಂಗಸರು ಬನಶಂಕರಿಯಮ್ಮನ ಹೆಸರು ಹಿಡಿದು ಇಲ್ಲ ಎಂದರು. ಆಣೆ ಮಾಡಿದ್ದಾರೆ ಎಂದ ಮೇಲೆ ಸಿಕ್ಕಿರುವುದು ಗ್ಯಾರಂಟಿ ಎಂದು ನಮ್ಮ ಬೀದಿ ನಿರ್ಧರಿಸಿತು. ಅಲ್ಲಿ ಯಾರದೋ ಮನೆಯಲ್ಲಿ ಐದು ವಿಷಲ್ ಕೂಗಿದರೆ ಇಲ್ಲಿ ಎಲ್ಲರೂ ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ರಮ್ಯಳಿಗೆ ಬೂತಿನಲ್ಲಿ ತೂತಾದ ಹಾಲಿನ ಪ್ಯಾಕೆಟ್ ಸಿಗತೊಡಗಿತು. ಪಕ್ಕದ ಮನೆಯಾಕೆ ಕೊಸಂಬರಿಯ ಡಬ್ಬಿಯನ್ನು ವಾಪಸ್ ಕೇಳಿ ತೆಗೆದುಕೊಂಡು ಹೋದಳು, ಕಸ ಮತ್ತೆ ನಮ್ಮ ಗೇಟಿನ ಮುಂದೆ ಬಂತು.

ನಂದಕುಮಾರ್ ಹೆದರಿ ಕಾರನ್ನು ಮತ್ತೆ ಇಳಿಸಿದ. "ಎರಡನೇ ಲೋಡ್ ಬಂತು" ಎಂದು ಎರಡೂ ಬೀದಿಗಳಿಗೆ ಸುದ್ದಿ ಹಬ್ಬಿತು. ಯಾರೋ ಚುನಾವಣಾ ಆಯೋಗಕ್ಕೆ ಫೋನ್ ಮಾಡಿದರು. ಯಾರು ಎಂದು ನಾನು ಹೇಳುವುದಿಲ್ಲ, ತಿಮ್ಮರಾಯಪ್ಪನವರ ಮೊಬೈಲಿನಲ್ಲಿ ಅವತ್ತು ಚಾರ್ಜ್ ಬೇಗ ಮುಗಿದಿತ್ತು.

ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಫ್ಲೈಯಿಂಗ್ ಸ್ಕ್ವಾಡಿನ ಜೀಪು ನಿಂತಿತು. ಇಳಿದವರು ಹನಮಂತ ಎಂಬ ಅಧಿಕಾರಿ, ಬಾಗಲಕೋಟೆ ಕಡೆಯವರು. ಮಹಜರಿಗೆ ಮರ್ಯಾದಸ್ಥ ಸಾಕ್ಷಿ ಬೇಕೆಂದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಡಿಕ್ಕಿ ತೆರೆದಾಗ ಒಳಗಿದ್ದದ್ದು ಒಂದು ಕುಕ್ಕರ್.

"ಅದು ನಮ್ದೇ ಸಾರ್. ಹಿಡಿ ಮುರಿದಿದೆ, ರಿಪೇರಿಗೆ ಕೊಡಿ ಅಂತ ನಾನೇ ಇಟ್ಟಿದ್ದೆ" ಎಂದಳು ರಮ್ಯ.

"ಸ್ಯಾಂಪಲ್ ಪೀಸ್ ಇರಬೇಕು ಇದು" ಎಂದರು ಹನಮಂತ. ನಂದಕುಮಾರನ ಕಡೆ ತಿರುಗಿ, "ಏನ್ರೀ ಯಜಮಾನ್ರ, ಒಂದ್ ಕುಕ್ಕರಿಗೆ ಗಾಡಿ ಹಿಂಗ ಕುಂದರತೈತೇನ್ರಿ? ಉಳಿದಾವ ಎಲ್ಲಿ ಅದಾವ?" ಎಂದು ಕೇಳಿದರು.

ನಂದಕುಮಾರ್ ಅವರನ್ನೂ ನನ್ನನ್ನೂ ಗೋಡೆಯ ಮರೆಗೆ ಕರೆದುಕೊಂಡು ಹೋದ. "ಸಾರ್, ಸ್ಪ್ರಿಂಗ್ ಸಾರ್. ದಯವಿಟ್ಟು ಮೆಲ್ಲಗೆ ಮಾತಾಡಿ, ಅಮ್ಮಂಗೆ ಕೇಳಿಸಿದ್ರೆ ಜೀವಕ್ಕೇ ತೊಂದರೆ" ಎಂದ.

"ಸ್ಪ್ರಿಂಗ್ ಏನ್ ಮಾಡ್ತೈತಿ?"

"ತಿರುವಲ್ಲಿ ಗಾಡಿ ವಾಲಲ್ಲ ಸಾರ್."

"ಹೌದೇನು? ತೋರಿಸ್ರಿ ನೋಡೋಣ. ಸಾಕ್ಷಿ, ನೀವೂ ಹತ್ರಿ."

ಹನಮಂತರು ಮುಂದೆ ಕೂತರು. ವಶಪಡಿಸಿಕೊಂಡ ಕುಕ್ಕರನ್ನು ತಬ್ಬಿಕೊಂಡು ನಾನು ಹಿಂದೆ ಕೂತೆ. ನಂದಕುಮಾರ್ ಮೊದಲ ತಿರುವನ್ನು ವೇಗ ಇಳಿಸದೆ ತಿರುಗಿಸಿದ. ಅಧಿಕಾರಿಯ ಮುಖ ಅರಳಿತು.

"ಹಳಿ ಮ್ಯಾಲ ಹೊಂಟಂಗ ಆತಲ್ರೀ. ಇನ್ನೊಂದ್ ಸಲ ಹೊಡೀರಿ."

ಇನ್ನೊಂದು ಸಲ ಆಯಿತು. ಆಮೇಲೆ ತನಿಖೆಯ ಹಿತದೃಷ್ಟಿಯಿಂದ ಮತ್ತೊಂದು ಸಲ ಆಯಿತು. ಪ್ರತಿ ಗುಂಡಿಗೂ ಕುಕ್ಕರಿನ ಮುಚ್ಚಳ ನನ್ನ ಗದ್ದಕ್ಕೆ ಬಡಿಯುತ್ತಿತ್ತು. ನಾನು ನಿಲ್ಲಿಸಿ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ. "ಆ ಕಡೆ ಬೀದೀಗೂ ಹೋಗೋಣ ನಡೀರಿ" ಎಂದರು ಹನಮಂತ.

ಆ ಹಿಂದಿನ ಬೀದಿಯಲ್ಲೇ ತಿಮ್ಮರಾಯಪ್ಪನವರ ಮನೆ. ಅಧಿಕಾರದಲ್ಲಿದ್ದಾಗ ಅವರು ತಮ್ಮ ಗೇಟಿನ ಮುಂದೆ ಒಂದು ಹಂಪ್ ಹಾಕಿಸಿಕೊಂಡಿದ್ದರು. ಹಂಪ್ ಎನ್ನುವುದು ಸೌಜನ್ಯಕ್ಕೆ, ಮಕ್ಕಳು ಅದರ ಮೇಲಿಂದ ಗಾಳಿಪಟ ಬಿಡುತ್ತಾರೆ. ಮೂವರ ಭಾರ ಹೊತ್ತು ಇನ್ನೂ ತಗ್ಗಿದ್ದ ಕಾರಿನ ಮುಂದಿನ ಚಕ್ರಗಳು ಅದನ್ನು ಹತ್ತಿ ಇಳಿದವು. ಹಿಂದಿನವು ಹತ್ತಲಿಲ್ಲ. ಹೊಟ್ಟೆ ಕೆರೆದ ಸದ್ದಾಯಿತು. ಕಾರು ಹಂಪಿನ ಮೇಲೆ ಮೊಟ್ಟೆಗೆ ಕೂತ ಕೋಳಿಯಂತೆ ಕೂತುಬಿಟ್ಟಿತು.

ಎರಡೂ ಬೀದಿಗಳು ಸೇರಲು ಬಹಳ ಹೊತ್ತು ಬೇಕಾಗಲಿಲ್ಲ. ತಿಮ್ಮರಾಯಪ್ಪ ಹಲ್ಲುಜ್ಜುತ್ತಲೇ ಹೊರಗೆ ಬಂದರು. "ನೋಡ್ರಪ್ಪಾ, ಮಾಲಿನ ಭಾರಕ್ಕೆ ಗಾಡಿ ಮುಂದಕ್ಕೇ ಹೋಗ್ತಿಲ್ಲ" ಎಂದು ನೊರೆಯ ನಡುವೆ ಭಾಷಣ ಶುರು ಮಾಡಿದರು. ಜನರನ್ನು ಸರಿಸಿಕೊಂಡು ಮುನಿವೆಂಕಟಮ್ಮ ಬಂದರು. ಅವರ ಹಿಂದೆ ರಮ್ಯ, ಕೈಯಲ್ಲಿ ಬಟ್ಟೆಯ ಬ್ಯಾಗು.

"ಇವತ್ತು ಭಾನುವಾರ. ಹೇಳಿ" ಎಂದಳು.

ನಂದಕುಮಾರ್ ಕಾರಿನಿಂದಿಳಿದ. ಬ್ಯಾಗು ನೋಡಿದ, ತಾಯಿಯ ತಲೆ ನೋಡಿದ, ಮತ್ತೆ ಬ್ಯಾಗು ನೋಡಿದ. "ಸ್ಪ್ರಿಂಗ್ ಹಾಕ್ಸಿದ್ದೀನಿ. ಡಿಕ್ಕೀಲಿ ಏನೂ ಇಲ್ಲ, ಯಾರನ್ನೂ ನಿಲ್ಲಿಸ್ತಿಲ್ಲ. ಬರೀ ಸ್ಪ್ರಿಂಗು" ಎಂದ.

ಜನರೆಲ್ಲ ಮುನಿವೆಂಕಟಮ್ಮನವರ ತಲೆಯನ್ನೇ ನೋಡುತ್ತಾ ನಿಂತರು. ಕಮಲಾದೇವಿ ಮುಂಜಾಗ್ರತೆಗೆ ನೀರು ತಂದಳು. ಮುನಿವೆಂಕಟಮ್ಮ ನೆತ್ತಿ ಮುಟ್ಟಿಕೊಂಡರು, ಹಣೆ ಒತ್ತಿಕೊಂಡರು, ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇಷ್ಟು ದಿನದಿಂದ ನನ್ ತಲೆ ಅಡ ಇಟ್ಟು ಗಾಡಿ ಓಡಿಸ್ತಿದ್ದೀಯೇನ್ಲಾ?"

"ತಪ್ಪಾಯ್ತಮ್ಮ."

"ಆದ್ರೂ ನಂಗೇನೂ ಆಗಿಲ್ಲ. ಯಾಕೆ ಆಗಿಲ್ಲ? ಆ ತಾಯಿ ಬನಶಂಕರಮ್ಮ ನನ್ನ ಏನಕ್ಕೋ ಉಳಿಸ್ಕೊಂಡವ್ಳೆ." ಅವರ ಕಣ್ಣು ಎದುರಿನ ಗೋಡೆಯ ಪೋಸ್ಟರಿನ ಮೇಲೆ ನಿಂತಿತು. "ಇದು ಹೆಂಗಸ್ರ ವಾರ್ಡ್ ತಾನೆ? ನಾನೇ ನಿಂತ್ಕೋತೀನಿ."

ಜನರಿಗೆ ಜೀವ ಬಂತು. "ನಮ್ ಓಟು ನಿಮಗೇ ಅಜ್ಜಿ" ಎಂದು ಹಿಂದಿನ ಬೀದಿ ಕೂಗಿತು. "ಬೈರಪ್ಪನೋರ ಬಿರಿಯಾನಿ ಋಣ ಇನ್ನೂ ಹಂಗೇ ಐತೆ" ಎಂದು ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ರಮ್ಯ ಬ್ಯಾಗನ್ನು ಹೆಗಲಿಗೇರಿಸಿ ಆಟೋಗೆ ಕೈ ತೋರಿಸಿದಳು. ಆ ಆಟೋ ಅರೆಕೆರೆಗೆ ಬರುವುದಿಲ್ಲ ಎಂದಿತು. ಇನ್ನೊಂದಕ್ಕೆ ಕೈ ತೋರಿಸಿದಳು.

"ಅಮ್ಮ, ಬೇಡಮ್ಮ. ಇವಳು ನಿಜವಾಗ್ಲೂ ಹೋಗ್ತಾಳೆ" ಎಂದ ನಂದಕುಮಾರ್. ಹನಮಂತರ ಎದುರಿಗೇ ಅಳತೊಡಗಿದ.

ಮುನಿವೆಂಕಟಮ್ಮ ಮಗನ ಕಡೆ ನೋಡಲಿಲ್ಲ. ತಿಮ್ಮರಾಯಪ್ಪನವರ ಕಡೆ ನೋಡಿದರು. ಅವರ ಬಾಯಿಯ ನೊರೆ ಆಗಲೇ ಒಣಗಿತ್ತು.

"ಏನಪ್ಪಾ ತಿಮ್ಮರಾಯ, ಈ ಗುಡ್ಡ ಹಾಕ್ಸಿದ್ದು ಯಾರು?"

"ನಾನೇ ಅಕ್ಕ."

"ನಾಳೆ ಬೆಳಿಗ್ಗೆ ಇದು ಇಲ್ಲಿ ಇರ್ಬಾರ್ದು. ಇದ್ರೆ ನಾನು ನಿಂತೆ. ಇಲ್ದಿದ್ರೆ ಇಲ್ಲ."

"ಖಂಡಿತ ತೆಗೆಸ್ತೀನಿ ಅಕ್ಕ" ಎಂದರು ತಿಮ್ಮರಾಯಪ್ಪ. ರಮ್ಯ ಎತ್ತಿದ ಕೈ ಇಳಿಸಿ, ಬಂದು ನಿಂತ ಆಟೋವನ್ನು ಕಳಿಸಿದಳು.

"ತೆಗಿಯ ಹಂಗಿಲ್ಲ. ನೀತಿ ಸಂಹಿತೆ ಜಾರಿ ಐತಿ" ಎಂದರು ಹನಮಂತ, ಹಂಪಿಗೆ ಸಿಕ್ಕಿಕೊಂಡ ತಮ್ಮ ಕಡೆಯ ಬಾಗಿಲು ತೆರೆಯಲಾಗದೆ ಕಾರಿನ ಒಳಗಿನಿಂದಲೇ.

ನಾಲ್ಕು ಜನ ಕೈ ಹಾಕಿ ಹಿಂದುಗಡೆ ಎತ್ತಿದ್ದಕ್ಕೇ ಕಾರು ಸಲೀಸಾಗಿ ಎದ್ದು ಹಂಪಿನಿಂದ ಇಳಿಯಿತು. ಅಷ್ಟು ಹಗುರವಾಗಿ ಎದ್ದದ್ದನ್ನು ನೋಡಿ ಎರಡೂ ಬೀದಿಯ ಹೆಂಗಸರ ಮುಖ ಸಣ್ಣಗಾಯಿತು. ಐದು ಲೀಟರಿನ ಕನಸು ಅಲ್ಲಿಗೆ ಮುಗಿಯಿತು. ಕಮಲಾದೇವಿ ನೀರನ್ನು ತಾನೇ ಕುಡಿದಳು. ಹನಮಂತರು ರಮ್ಯಳ ಕುಕ್ಕರನ್ನು ವಾಪಸ್ ಕೊಟ್ಟು, ಹಿಡಿ ಮುರಿದಿರುವುದು ನಿಜ ಎಂದು ಮಹಜರಿನಲ್ಲಿ ಬರೆದರು. ನಾನು ಸಹಿ ಹಾಕಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ತಿಮ್ಮರಾಯಪ್ಪನವರ ಗೇಟಿನ ಮುಂದೆ ರಸ್ತೆ ಮಣೆಯ ಹಾಗೆ ಸಪಾಟಾಗಿತ್ತು. ಅಲ್ಲಿ ಹಂಪ್ ಇದ್ದದ್ದು ಯಾರಿಗೂ ನೆನಪಿರಲಿಲ್ಲ.

ಇದೆಲ್ಲ ಮುಗಿದರೂ ರಮ್ಯ ಬ್ಯಾಗನ್ನು ಕೆಳಗಿಟ್ಟಿರಲಿಲ್ಲ. ಹಂಪ್ ಹೋಗಿದ್ದು ಅವಳಿಗೆ ಸಾಲದು. ನಮ್ಮನ್ನೂ ನಡುಮನೆಗೆ ಕರೆಸಿದಳು.

"ಟೈರ್ ಮೇಲೆ ನಾಲ್ಕು ಬೆರಳು ಸಂದಿ ಇರೋ ಹಾಗೆ ಗಾಡಿ ನಿಲ್ಲಿಸ್ಬೇಕು. ಆಮೇಲೆ ಆ ರಿಂಗ್ ಮುಟ್ಟಲ್ಲ ಅಂತ ಆಣೆ ಮಾಡ್ಬೇಕು. ಗಟ್ಟಿ ಆಣೆ."

ಮುನಿವೆಂಕಟಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋದರು. ರಮ್ಯ ತನ್ನ ತಲೆಯನ್ನು ಕೊಡುವುದಿಲ್ಲ ಎಂದಳು. ನಂದಕುಮಾರ್ ತನ್ನ ತಲೆಯನ್ನು ಒಮ್ಮೆ ಸವರಿಕೊಂಡು ಕೈ ತೆಗೆದ. ಈ ತಲೆ ಮುಟ್ಟುವುದೆಲ್ಲ ಬರೀ ಮೂಢನಂಬಿಕೆ, ಮುನಿವೆಂಕಟಮ್ಮನವರೇ ಅದಕ್ಕೆ ಪುರಾವೆ ಎಂದು ನಾನು ನಾಲ್ಕು ಮಾತು ತಿಳಿಹೇಳಿದೆ.

"ನಮ್ಮನೆಯವರು ಇದನ್ನೆಲ್ಲ ನಂಬಲ್ಲ ನೋಡಿ" ಎಂದಳು ವಿಮಲಾ.

ಎಲ್ಲರೂ ನನ್ನ ಬೋಳು ತಲೆಯ ಕಡೆ ತಿರುಗಿದರು. ನಾನು ಏಳುವಷ್ಟರಲ್ಲಿ ನಂದಕುಮಾರನ ಕೈ ಅದರ ಮೇಲೆ ಕೂತಾಗಿತ್ತು. ರಮ್ಯ ಬ್ಯಾಗನ್ನು ಕೆಳಗಿಟ್ಟಳು. ಮುನಿವೆಂಕಟಮ್ಮ ಒಳಗಿನಿಂದ ಎಲ್ಲರಿಗೂ ಪಾಯಸ ತಂದರು. ನನಗೆ ಎರಡು ಸೌಟು ಹೆಚ್ಚಿಗೆ ಹಾಕಿದರು.

ನಾನು ವಿಜ್ಞಾನದಲ್ಲಿ ನಂಬಿಕೆಯಿರುವವನು. ಆದರೂ ಈಗ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕೆಳಗಿಳಿದು, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಬೆರಳು ತೂರಿಸಿ ನೋಡುತ್ತೇನೆ. ಹಳೆಯ ಕಸುಬಿನ ಅಭ್ಯಾಸ, ಬೇರೇನಿಲ್ಲ. ಇಷ್ಟು ದಿನ ನಾಲ್ಕು ಬೆರಳು ಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಮೂರೇ ಹೋಯಿತು.

ನಂದಕುಮಾರನನ್ನು ಕೂಗಿದೆ. ಅವನು ಹಲ್ಲುಜ್ಜುವ ಬ್ರಷ್ ಹಿಡಿದು ಕಿಟಕಿಗೆ ಬಂದ.

"ಚಳಿಗೆ ಸ್ಪ್ರಿಂಗ್ ಮುದುಡಿಕೊಳ್ಳುತ್ತೆ ಅಂಕಲ್, ಅಷ್ಟೇ" ಎಂದ.

ನಾನು ಮೇಲೆ ಬಂದು ವಿಮಲಾಳನ್ನು ತಲೆನೋವಿನ ಮಾತ್ರೆ ಎಲ್ಲಿಟ್ಟಿದ್ದೀಯಾ ಎಂದು ಕೇಳಿದೆ.